ಅಚ್ಚಾದ ಐನೂರು

ಫೆಬ್ರವರಿ 3, ಮಂಗಳವಾರ

ಒಂಬತ್ತನೆಯ ಹಾಡೂ ಮುಗಿಯಿತು. ಸದ್ದು ಒಳಗೆ ಬಾರದಿರಲೆಂದು ಹಿಂದಿನ ಕೋಣೆಯ ಗೋಡೆಗೆ ಒರಗಿಸಿಟ್ಟಿದ್ದ ಹಾಸಿಗೆಗಳನ್ನು ನಾನೊಬ್ಬಳೇ ಎಳೆದು ಮಂಚಗಳಿಗೆ ಹಾಕಿದೆ. ತಮ್ಮ ಸಹಾಯಕ್ಕೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದ. ನಲವತ್ತೇಳು ವರ್ಷವಾದರೂ ಸೋಮಾರಿತನ ಹೋಗಿಲ್ಲ.

ಏಳು ತಿಂಗಳು ಬೇಕಾಯಿತು ಒಂಬತ್ತು ಹಾಡಿಗೆ. ಅವನ ಕೈಗೆ ಬಿಟ್ಟಿದ್ದರೆ ಒಂದು ಭಾನುವಾರದಲ್ಲಿ ಹಾಡಿ ಕೈ ತೊಳೆದುಕೊಳ್ಳುತ್ತಿದ್ದ. ಲಿಫ್ಟ್ ರಿಪೇರಿಯವನು, ಲಿಫ್ಟ್ ಓಡುವ ಕತ್ತಲ ಬಾವಿಯಂಥ ಜಾಗದಲ್ಲಿ ನಿಂತು ಹಾಡಿಕೊಂಡೇ ಹಾಡು ಕಟ್ಟಲು ಕಲಿತವನು. ಅಲ್ಲಿ ಹೇಗೆ ಹಾಡಿದರೂ ಗೋಡೆಗಳು ಅದನ್ನು ಚೆನ್ನಾಗಿ ಕೇಳಿಸುವಂತೆ ಮಾಡುತ್ತವೆ. ನಾನು ಗೋಡೆಯಲ್ಲ. ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತಳಾದವಳು. ಅವನು ಕೂತಾಗಿನಿಂದ ಏಳುವವರೆಗೆ ರೆಕಾರ್ಡಿಂಗ್ ಯಂತ್ರ ಓಡುತ್ತಿರುತ್ತದೆ. ಆಮೇಲೆ ಚೆನ್ನಾಗಿ ಬಂದ ಒಂದು ಸರದಿಯ ಹಾಡನ್ನು ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ಅಳಿಸುತ್ತೇನೆ. ಕೆಮ್ಮು, ಕುರ್ಚಿ ಕಿರುಗುಟ್ಟುವ ಸದ್ದು, ನಮ್ಮ ಮಾತು ಯಾವುದೂ ಉಳಿಯಬಾರದು. ಒಂದೊಂದು ಹಾಡನ್ನೂ ಹತ್ತು, ಹದಿನೈದು ಸಲ ಹಾಡಿಸಿದ್ದೇನೆ. ಮುಖ ಊದಿಸಿಕೊಂಡ, ಆದರೂ ಹಾಡಿದ.

ಗಂಟಲು ಮಾತ್ರ ಒರಟಾಗಿದೆ. ಕೆಲಸದಲ್ಲಿ ಮೇಲಿನ ಮಹಡಿಯವರಿಗೆ ಕೂಗಿ ಕೂಗಿ ಹಾಗಾಗಿದೆ ಎಂದು ನನ್ನ ಲೆಕ್ಕ. ಅವನ ಹೆಂಡತಿ ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳಂತೆ. ಹೋಗಲಿ, ಈಗ ಬಿಡುವಾಗಿದೆಯಲ್ಲ.

ಫೆಬ್ರವರಿ 9, ಸೋಮವಾರ

ಗಂಟಲಲ್ಲಿ ಗಡ್ಡೆ. ಒಳ್ಳೆಯ ಜಾತಿಯದಲ್ಲ.

ಮೂವರೂ ಹೋಗಿದ್ದೆವು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ಉಸಿರಿಗೆ ತೂತು ಇರುತ್ತದೆ, ಆಮೇಲೆ ಮಾತಿಲ್ಲ ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹಾಡಿದ್ದರಿಂದ ಹೀಗಾಯಿತೇ ಎಂದು ನಾನು ಕೇಳಿದೆ. ಹಾಗೇನಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು, "ಮೂರು ತಿಂಗಳು ಮೊದಲೇ ಬಂದಿದ್ರೆ ದನಿ ಉಳಿಸಬಹುದಿತ್ತೇನೋ" ಎಂದರು.

ನನಗೆ ಮೈ ಉರಿಯಿತು. "ಇವನು ಒಂದು ಮಾತು ಹೇಳಲಿಲ್ಲ ಡಾಕ್ಟ್ರೇ. ಹೇಳಿದ್ರೆ ನಾನೇ ಕತ್ತು ಹಿಡಿದು ಎಳ್ಕೊಂಡು ಬರ್ತಿದ್ದೆ" ಎಂದೆ. ತಮ್ಮ ನನ್ನ ಮುಖ ನೋಡಿದ. ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿ ಅವನ ಮುಖ ನೋಡುತ್ತಿದ್ದಳು. ಅಷ್ಟು ನೋವಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತವನಿಗೆ ಏನೆನ್ನಬೇಕು? ಚಿಕ್ಕಂದಿನಿಂದ ಹೀಗೆಯೇ.

ಮನೆಗೆ ಬಂದು ಸುಮ್ಮನೆ ಕೂರಲಾಗಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಉಳಿದಿದ್ದ ಏಳು, ಎಂಟು, ಒಂಬತ್ತನೆಯ ಹಾಡುಗಳನ್ನು ಕತ್ತರಿಸಿ ಮುಗಿಸಿದೆ. ಯಂತ್ರದಲ್ಲಿದ್ದ ಬೇರೆ ಎಲ್ಲವನ್ನೂ ಅಳಿಸಿದೆ. ಕಣ್ಣು ಮಂಜಾಗುತ್ತಿತ್ತು. ಅಳುತ್ತಿದ್ದೆ ಎಂದೇ ಬರೆಯಬೇಕು, ಅಳುತ್ತಿದ್ದೆ.

ಫೆಬ್ರವರಿ 12, ಗುರುವಾರ

ಆಪರೇಷನ್ ಮಾರ್ಚ್ 4ಕ್ಕೆ. ಅವನು ಕೇಳಿದ್ದು ಒಂದೇ: ಹಾಡು ಸೀಡಿಯಾಗಿ ಹೊರಗೆ ಬರಬೇಕು. ಇನ್ನು ಮುಂದೆ ಅವನ ದನಿ ಇರುವುದು ಅದರಲ್ಲಿ ಮಾತ್ರ.

ಸೀಡಿ ಮಾಡಿಕೊಡುವವನ ಅಂಗಡಿಗೆ ಹೋದೆವು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ; ಒಂದರ ಮೇಲೊಂದು ಒಂಬತ್ತು ಬಾಯಿಗಳಿರುವ ಯಂತ್ರ, ಒಂದು ಬಾಯಿ ತೆರೆದರೆ ಇನ್ನೊಂದು ಮುಚ್ಚುತ್ತದೆ. ಮನುಷ್ಯ ದಪ್ಪಗೆ, ನಿಧಾನ. ಎರಡು ಸೀಡಿ ತಿರುಗಿಸಿ ಹೊಟ್ಟೆ ತೋರಿಸಿದ. ಒಂದು ಬೆಳ್ಳಗೆ ಕನ್ನಡಿಯಂತಿತ್ತು. ಅದು ಅಚ್ಚಿನದು: ಕಾರ್ಖಾನೆಯಲ್ಲಿ ಒಂದು ಅಚ್ಚು ಮಾಡಿ, ಹಾಡನ್ನು ಪ್ಲಾಸ್ಟಿಕ್ಕಿಗೇ ಒತ್ತುತ್ತಾರೆ. ಐನೂರಕ್ಕೆ ಕಡಿಮೆ ಮಾಡುವುದಿಲ್ಲ, ಆರು ವಾರ ಬೇಕು, ಆದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಇನ್ನೊಂದರ ಹೊಟ್ಟೆಯಲ್ಲಿ ತೆಳುವಾದ ಹಸಿರು ನೀಲಿ. ಅದು ಬರೆಯುವ ಸೀಡಿ: ಒಳಗಿನ ಬಣ್ಣದ ಪದರದ ಮೇಲೆ ಬೆಳಕಿನಿಂದ ಬರೆಯುವುದು. ಹತ್ತು ಬೇಕಾದರೆ ಹತ್ತು, ಮಧ್ಯಾಹ್ನದೊಳಗೆ ಸಿದ್ಧ. ಬಿಸಿಲು ಬಿದ್ದರೆ ಬಣ್ಣ ಮಾಸಬಹುದು, ಹಳೆಯ ಪ್ಲೇಯರುಗಳು ಕೆಲವು ಮೂಸಿ ನೋಡಿ ಬಿಟ್ಟುಬಿಡುತ್ತವೆ.

ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದೆ. "ಐದೋ, ಐವತ್ತೋ. ಬರೆದದ್ದಕ್ಕೆ ನಾನು ಮಾತು ಕೊಡಲ್ಲ ಮೇಡಂ" ಎಂದ. ಸುಳ್ಳು ಹೇಳದ ವ್ಯಾಪಾರಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನನ್ನ ಆಯ್ಕೆ ಬರೆಯುವ ಸೀಡಿಯೇ. ಇಪ್ಪತ್ತೈದು ಬರೆಸಿದರೆ ಆಪರೇಷನ್ನಿಗೆ ಮೊದಲೇ ಅವನ ಕೈಯಲ್ಲಿರುತ್ತದೆ. ಏನಾದರೂ ತಪ್ಪು ಕಂಡರೆ ಮುಂದಿನ ಇಪ್ಪತ್ತೈದರಲ್ಲಿ ತಿದ್ದಬಹುದು. ಅಚ್ಚಾದ ತಪ್ಪು ಎಂಥದ್ದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಫೆಬ್ರವರಿ 14, ಶನಿವಾರ

ಜಗಳ. ಅಚ್ಚಿನದೇ ಬೇಕಂತೆ ಅವನಿಗೆ.

ಆರು ವಾರ ಎಂದರೆ ಆಪರೇಷನ್ ಮುಗಿದು ಮೂರು ವಾರದ ಮೇಲೆ, ಅಷ್ಟು ಹೊತ್ತಿಗೆ ನೀನು ಹೇಗಿರುತ್ತೀಯೋ ಎಂದುಬಿಟ್ಟೆ. ಅವನ ಹೆಂಡತಿ ಪಾತ್ರೆ ಒರೆಸುತ್ತಿದ್ದವಳು ನಿಲ್ಲಿಸಿದಳು. ಹಾಗನ್ನಬಾರದಿತ್ತು. ಆದರೆ ಯಾರಾದರೂ ಒಬ್ಬರು ಅಷ್ಟು ಮುಂದೆ ಯೋಚಿಸಬೇಕಲ್ಲ.

ಅವನಿಗೆ ಸಿಟ್ಟು ಬರಲಿಲ್ಲ. ಆ ಒರಟು ದನಿಯಲ್ಲೇ ಹೇಳಿದ: "ನಿನ್ನ ಕೈಗೆ ಸಿಕ್ಕೋ ಹಾಗಿದ್ರೆ ನೀನು ತಿದ್ದುತ್ತಾನೇ ಇರ್ತೀಯಕ್ಕ. ಇವತ್ತು ಉಸಿರು ತೆಗೀತೀಯ, ನಾಳೆ ಕೆಮ್ಮು ತೆಗೀತೀಯ. ಕೊನೆಗೆ ನಾನೇ ಇರಲ್ಲ ಅದರಲ್ಲಿ. ಅಚ್ಚಾಗಿಬಿಟ್ರೆ ಯಾರೂ ಮುಟ್ಟೋಕಾಗಲ್ಲ."

ನಾನು ತಿದ್ದಿದ್ದರಿಂದಲೇ ಅದು ಕೇಳುವ ಹಾಗಿದೆ ಎಂದು ಹೇಳಿ ಕೆಳಗಿಳಿದು ಬಂದೆ. ನಮ್ಮದು ಒಂದೇ ಮನೆ, ಅವರು ಮೇಲೆ, ನಾನು ಕೆಳಗೆ.

ಫೆಬ್ರವರಿ 17, ಮಂಗಳವಾರ

ಸೀಡಿಯವನಿಂದ ಒಂದು ಬರೆಸಿಕೊಂಡು ಬಂದು ಅವನ ಕೆಲಸದ ವ್ಯಾನಿನ ಪ್ಲೇಯರಿಗೆ ಹಾಕಿದೆ. ಎರಡನೆಯ ಹಾಡಿನಲ್ಲಿ ತೊದಲಿ, ಮೂರನೆಯದರಲ್ಲಿ ನಿಂತು, ಸೀಡಿಯನ್ನು ಹೊರಗೆ ಉಗುಳಿತು. ತಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ನಾನು ವಾದಿಸುತ್ತಿದ್ದೆ.

ಅಚ್ಚಿಗೇ ಒಪ್ಪಿದೆ. ಇದುವರೆಗೆ ಅವನು ನನ್ನೆದುರು ಗೆದ್ದ ಮೊದಲ ವಾದ ಇದು.

ಫೆಬ್ರವರಿ 20, ಶುಕ್ರವಾರ

ಒಂಬತ್ತು ಹಾಡೂ ಕೊಟ್ಟಾಯಿತು. ಕಾರ್ಖಾನೆಯವರು ಮೊದಲು ಒಂದು ಮಾದರಿ ಕಳಿಸುತ್ತಾರಂತೆ. ಅದನ್ನು ಪೂರ್ತಿ ಕೇಳಿ ಸಹಿ ಹಾಕಿದ ಮೇಲೆ ಅಚ್ಚು. ನಮ್ಮ ಅಚ್ಚುಕೂಟದಲ್ಲೂ ಹಾಗೆಯೇ ಇತ್ತು.

ಸೀಡಿಯವನು ಹಾಡಿನ ಪಟ್ಟಿ ನೋಡುತ್ತಾ ಏಳನೆಯದು ಸ್ವಲ್ಪ ಉದ್ದವಿದೆಯಲ್ಲ ಎಂದ. ಅದು ಉದ್ದದ ಹಾಡೇ, ನನಗೆ ಗೊತ್ತು ಎಂದೆ.

ಮಾರ್ಚ್ 3, ಮಂಗಳವಾರ

ನಾಳೆ. ಮೇಲೆ ಹೋಗಿ ಒಂದು ಗಂಟೆ ಕೂತಿದ್ದೆ. ಅವನು ಹಾಡಬಹುದು, ಏನಾದರೂ ದೊಡ್ಡ ಮಾತು ಆಡಬಹುದು ಎಂದು ಕಾದೆ. ವ್ಯಾನಿನ ಬ್ರೇಕಿನ ವಿಷಯ ಮಾತಾಡಿದ. ನಾನೂ ಬ್ರೇಕಿನ ವಿಷಯವೇ ಮಾತಾಡಿದೆ.

ಮಾರ್ಚ್ 4, ಬುಧವಾರ

ಒಳಗೆ ಕರೆದುಕೊಂಡು ಹೋಗುವಾಗ ಹೆಂಡತಿಗೆ ಹೇಳಿದ: "ಬೀಗದ ಕೈ ಮೇಜಿನ ಮೇಲಿದೆ." ಅದೇ ಕೊನೆಯ ಮಾತು.

ಏಳು ಗಂಟೆ ಹಿಡಿಯಿತು.

ಮಾರ್ಚ್ 9, ಸೋಮವಾರ

ಮೂಗಿನಲ್ಲಿ ನಳಿಗೆ, ಕುತ್ತಿಗೆಯಲ್ಲಿ ನಳಿಗೆ. ಅಳುತ್ತಾನೆ, ಸದ್ದು ಬರುವುದಿಲ್ಲ. ಬಾಯಿ ಮಾತ್ರ ಅಳುವವರ ಹಾಗೆ ಆಗುತ್ತದೆ. ಅದನ್ನು ನೋಡಲಾಗದೆ ಕಾರಿಡಾರಿಗೆ ಬಂದು ನಿಂತೆ. ಅವನ ಹೆಂಡತಿ ನೋಡುತ್ತಾ ಕೂತಿದ್ದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ಸಾವಿರ ಮುಖ ನೋಡುವವಳು. ಅವಳಷ್ಟು ಗಟ್ಟಿ ನಾನಲ್ಲ ಎಂದು ಇವತ್ತು ಗೊತ್ತಾಯಿತು.

ಮಾರ್ಚ್ 11, ಬುಧವಾರ

ಮಾದರಿ ಬಂತು. ಹಾಕಿದೆ. ಮೊದಲ ಹಾಡಿನಲ್ಲಿ ಅವನು ಉಸಿರು ಎಳೆದುಕೊಂಡು ಶುರು ಮಾಡುವಷ್ಟರಲ್ಲೇ ನನ್ನ ಕೈ ನಿಲ್ಲಿಸುವ ಗುಂಡಿಯ ಮೇಲಿತ್ತು. ಮತ್ತೆ ಹಾಕಿದೆ, ಮತ್ತೆ ನಿಲ್ಲಿಸಿದೆ. ಮಧ್ಯಾಹ್ನ ಆ ನಳಿಗೆಯಿಂದ ಬರುವ ಸೀಟಿಯಂಥ ಉಸಿರು ಕೇಳಿ ಬಂದಿದ್ದೆ. ಅದರ ಮೇಲೆ ಇದನ್ನು ಕೇಳಲು ನನ್ನಿಂದಾಗಲಿಲ್ಲ.

ಕೊನೆಗೆ ಪ್ರತಿ ಹಾಡಿನ ಮೊದಲ ಹತ್ತು ಸೆಕೆಂಡು ಮಾತ್ರ ಕೇಳಿದೆ. ಒಂಬತ್ತೂ ಸರಿಯಾದ ಜಾಗದಲ್ಲಿ ಶುರುವಾಗುತ್ತವೆ. ಸಹಿ ಹಾಕಿ ಕಳಿಸಿದೆ. ಮೂವತ್ತೊಂದು ವರ್ಷದಲ್ಲಿ ಒಂದು ಕರಡನ್ನೂ ಪೂರ್ತಿ ಓದದೆ ಸಹಿ ಹಾಕಿದವಳಲ್ಲ ನಾನು. ಆದರೆ ಇವನ್ನು ಕತ್ತರಿಸಿದವಳು ನಾನೇ ತಾನೆ. ತಪ್ಪಿರಲು ಸಾಧ್ಯವಿಲ್ಲ.

ಮಾರ್ಚ್ 22, ಭಾನುವಾರ

ಮನೆಗೆ ಬಂದ. ಸ್ಲೇಟು ಕೊಡಿಸಿದೆ. ಬರೆಯುವುದು ಅವಸರ, ಅರ್ಧ ಅಕ್ಷರ ನುಂಗುತ್ತಾನೆ, ಒತ್ತಕ್ಷರಗಳ ಗತಿ ಕೇಳುವ ಹಾಗೇ ಇಲ್ಲ. ತಿದ್ದಲು ಕೈ ಹೋಗಲಿಲ್ಲ. ದಣಿದಿದ್ದೆನೇನೋ.

ದಿನಕ್ಕೊಂದು ಸಲ ಬರೆದು ತೋರಿಸುತ್ತಾನೆ: ಬಂತಾ? ಇಲ್ಲ ಎಂದು ತಲೆಯಾಡಿಸುತ್ತೇನೆ. ನನಗೆ ಮಾತಾಡಲು ಬರುತ್ತದೆ ಎಂಬುದೇ ಅವನೆದುರು ಮರೆತುಹೋಗುತ್ತದೆ.

ಏಪ್ರಿಲ್ 2, ಗುರುವಾರ

ಬಂತು. ಐದು ಪೆಟ್ಟಿಗೆ, ಒಂದೊಂದರಲ್ಲಿ ನೂರು. ಮೇಲೆ ಹೇಳುವ ಮೊದಲು ಒಂದನ್ನು ಬಿಚ್ಚಿ ಹಾಕಿದೆ. ಅವನಿಗೆ ಕೊಡುವ ಮುಂಚೆ ಪೂರ್ತಿ ಕೇಳಲೇಬೇಕು ಎಂದು ಹಲ್ಲು ಕಚ್ಚಿ ಕೂತೆ. ಆರು ಹಾಡು ಕೇಳಿದೆ. ಎಷ್ಟು ಚೆನ್ನಾಗಿ ಹಾಡಿದ್ದಾನೆ. ಹಾಡಿಸುವಾಗ ಒಂದು ಸಲವೂ ಹಾಗೆ ಹೇಳಲಿಲ್ಲವಲ್ಲ ನಾನು.

ಏಳನೆಯದು ಮುಗಿಯಿತು. ಅವನ ಗಿಟಾರಿನ ಸದ್ದು ಆರಿದ ಮೇಲೆ ಎಂಟನೆಯದು ಬರಲಿಲ್ಲ. ಕುರ್ಚಿ ಕಿರುಗುಟ್ಟಿತು. ಆಮೇಲೆ ಅವನು ಮಾತಾಡಿದ.

"ಅಕ್ಕ, ಇವತ್ತಿಗೆ ಸಾಕು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ, ಹದಿನೈದು ದಿನ ಆಯ್ತು. ನಾಳೆ ಡಾಕ್ಟರಿಗೆ ತೋರಿಸಿಕೊಂಡು ಬರ್ತೀನಿ."

"ಕಳ್ಳ ನೆಪ ಹೇಳಬೇಡ. ಹಾಡೆಲ್ಲ ಮುಗೀಲಿ, ಆಮೇಲೆ ಯಾವ ಡಾಕ್ಟರ ಹತ್ರ ಬೇಕಾದ್ರೂ ಹೋಗು. ಇನ್ನೊಂದು ಸಲ ಹಾಡು."

ಇದು ನನ್ನ ದನಿ. ಲೋಟ ಕೆಳಗಿಟ್ಟ ಸದ್ದು. ಅವನು ಉಸಿರು ಎಳೆದುಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಒಂದು ಸಾಲು ಮುಗಿಯುವ ಮೊದಲೇ ಎಂಟನೆಯ ಹಾಡು.

ಏಪ್ರಿಲ್ 3, ಶುಕ್ರವಾರ

ಯಾವ ಹಾಡು ಯಾವ ದಿನ ಎಂದು ಬರೆದಿಟ್ಟ ಪುಸ್ತಕ ತೆಗೆದು ನೋಡಿದೆ. ಏಳನೆಯ ಹಾಡು ನವೆಂಬರ್ 6ರಂದು ಹಾಡಿಸಿದ್ದು. ಡಾಕ್ಟರು ಚಿತ್ರ ಬರೆದ ದಿನಕ್ಕೆ ಮೂರು ತಿಂಗಳು, ಮೂರು ದಿನ ಮೊದಲು.

ಆ ಮಾತು ಆಡಿದ್ದು ನೆನಪಿಲ್ಲ. ಈಗ ಕೇಳಿದ ಮೇಲೂ ನೆನಪಾಗುತ್ತಿಲ್ಲ. ಇನ್ನೊಂದು ಸಲ ಎಂದು ಹಾಡಿಸಿದೆನಲ್ಲ, ಅದನ್ನು ನಾನು ಇಟ್ಟುಕೊಳ್ಳಲೇ ಇಲ್ಲ. ಅವನು ಸಾಕು ಎಂದ ಸರದಿಯೇ ಚೆನ್ನಾಗಿತ್ತು; ಅದನ್ನೇ ಆರಿಸಿ, ಆಮೇಲಿನದನ್ನು ಅಳಿಸಿದೆ. ಡಾಕ್ಟರಲ್ಲಿಂದ ಬಂದ ಆ ಸಂಜೆ ಕಣ್ಣು ಮಂಜಾಗಿ ಕತ್ತರಿಸುವ ಜಾಗ ತಪ್ಪಿದೆ.

ಏಪ್ರಿಲ್ 4, ಶನಿವಾರ

ಪೆಟ್ಟಿಗೆಗಳನ್ನು ನನ್ನ ಮಂಚದ ಕೆಳಗೆ ತಳ್ಳಿದ್ದೇನೆ. ತಮ್ಮ ಸ್ಲೇಟು ಹಿಡಿದು ಕೇಳಿದ. ಬಂದಿಲ್ಲ ಎಂದೆ.

ಸೀಡಿಯವನ ಹತ್ತಿರ ಓಡಿದೆ. ತಿದ್ದಲಾಗುತ್ತದೆಯೇ ಎಂದು ಕೇಳಿದೆ, ಉತ್ತರ ಗೊತ್ತಿದ್ದೂ. "ಅಚ್ಚಾದದ್ದು ಅಚ್ಚಾಯ್ತು ಮೇಡಂ. ಬೇಕಿದ್ರೆ ಐನೂರನ್ನೂ ಚೂರು ಮಾಡಿಸಿ, ಬಾಲ ಕತ್ತರಿಸಿ ನಾನು ಬರೆದುಕೊಡ್ತೀನಿ" ಎಂದ. ನಾಳಿದ್ದಿನೊಳಗೆ ಐವತ್ತು ಕೊಡಬಲ್ಲನಂತೆ. ಯಾರಿಗೂ ಗೊತ್ತಾಗುವುದಿಲ್ಲ. ತಮ್ಮನಿಗೆ ಹಿಂಭಾಗದ ಹಸಿರು ಕಂಡರೆ ಕಾರ್ಖಾನೆಯದೇ ಹೀಗೆ ಎಂದರಾಯಿತು. ದಾರಿಯುದ್ದಕ್ಕೂ ಆ ಸುಳ್ಳನ್ನು ಹೊಂದಿಸಿಕೊಳ್ಳುತ್ತಾ ಬಂದೆ. ಚೆನ್ನಾಗಿಯೇ ಹೊಂದಿಕೊಂಡಿತು.

ಏಪ್ರಿಲ್ 6, ಸೋಮವಾರ

ಹೇಳಿದೆ. ಸುಳ್ಳನ್ನಲ್ಲ.

ಬೆಳಿಗ್ಗೆ ಅವನಿಗೆ ಗಂಜಿ ಕೊಡಲು ಹೋದವಳು ಹಾಗೇ ಕೆಳಗೆ ಬಂದು ಒಂದು ಸೀಡಿ ತಂದು ಮೇಲೆ ಹಾಕಿದೆ. ನೇರ ಏಳನೆಯದು. ಬಾಯಲ್ಲಿ ಹೇಳುವುದಕ್ಕಿಂತ ಅದೇ ಸುಲಭ ಎನಿಸಿತು. ಹಾಡು ಮುಗಿದು ಅವನ ಮಾತು ಬಂದಾಗ ಅವನ ಹೆಂಡತಿ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಆಮೇಲೆ ನನ್ನ ಮಾತು. ನಾನು ನೆಲ ನೋಡುತ್ತಿದ್ದೆ.

ನಾನೇ ಬಡಬಡಿಸಿದೆ: ಇವನ್ನು ಚೂರು ಮಾಡಿಸೋಣ, ಬರೆದ ಸೀಡಿ ಮಾಡಿಸೋಣ, ಅದರಲ್ಲಿ ಇದಿರುವುದಿಲ್ಲ. ಅವನ ಹೆಂಡತಿ ಕೇಳಿದಳು: "ಅವರ ಮಾತು ಇನ್ನೆಲ್ಲಾದ್ರೂ ಉಳಿದಿದೆಯಾ ಅತ್ತಿಗೆ? ಹಾಡಲ್ಲ, ಮಾತು."

ಏಳು ತಿಂಗಳ ಮಾತು ಆ ಯಂತ್ರದಲ್ಲಿತ್ತು. ನಗು, ಬೈಗುಳ, ವ್ಯಾನಿನ ಕಥೆ, ಎಲ್ಲ. ಒಂದನ್ನೂ ಬಿಡದೆ ಅಳಿಸಿದ್ದು ನಾನೇ. ಇಲ್ಲ ಎಂದೆ. "ಹಾಗಾದ್ರೆ ಒಂದನ್ನೂ ಎಸೀಬೇಡಿ" ಎಂದು ಹೇಳಿ ಅವಳು ಒಲೆಯ ಕಡೆ ತಿರುಗಿದಳು. ನನಗೆ ಒಂದು ಬೈಗುಳ ಸಿಕ್ಕಿದ್ದರೂ ಸಾಕಿತ್ತು.

ತಮ್ಮನನ್ನು ಕೇಳಿದೆ, ಇದು ನಿನಗೆ ನೆನಪಿತ್ತೇ ಎಂದು. ಹೌದೆಂದು ತಲೆಯಾಡಿಸಿದ. ಮತ್ತೆ ಡಾಕ್ಟರ ಮುಂದೆ ನಾನು ಹಾಗೆ ಹೇಳಿದಾಗ ಯಾಕೆ ಸುಮ್ಮನಿದ್ದೆ? ಏನೋ ಬರೆದ, ಹೆಬ್ಬೆರಳಿನಿಂದ ಅಳಿಸಿದ, ಬೇರೆ ಬರೆದ: ಹೇಳಿದ್ರೆ ನೀನು ಬದುಕ್ತಿದ್ಯಾ.

ಸೀಡಿಯನ್ನು ಹೊರಗೆ ತೆಗೆದು ಹೇಳಿದೆ, "ಇದನ್ನ ಎಲ್ಲರೂ ಕೇಳ್ತಾರೆ ಕಣೋ."

ಅವನು ನನ್ನನ್ನೇ ನೋಡಿದ. ಅವತ್ತು ಡಾಕ್ಟರ ಮುಂದೆ ನೋಡಿದ ಹಾಗೆ ಅಲ್ಲ. ಸಿಟ್ಟಿತ್ತು, ಇಷ್ಟು ವರ್ಷದಲ್ಲಿ ಅವನ ಮುಖದಲ್ಲಿ ಅಂಥ ಸಿಟ್ಟು ನೋಡಿದ್ದೇ ಇಲ್ಲ. ಸ್ಲೇಟಿನ ತುಂಬ ದೊಡ್ಡದಾಗಿ ಬರೆದ: ಕೇಳಲಿ.

ಏಪ್ರಿಲ್ 8, ಬುಧವಾರ

ಮೊದಲ ಇಪ್ಪತ್ತು ಅವನ ಜೊತೆ ಕೆಲಸ ಮಾಡುವವರಿಗೆ ಹೋಗಬೇಕಂತೆ. ಅಂಚೆಯಲ್ಲಿ ಕಳಿಸೋಣವೇ ಎಂದೆ. ಸ್ಲೇಟನ್ನು ಮಗುಚಿಟ್ಟ. ನಾನೇ ಕೊಟ್ಟು ಬರುತ್ತೇನೆ ಎಂದೆ.

ಏಪ್ರಿಲ್ 11, ಶನಿವಾರ

ಲಿಫ್ಟಿನವರ ಕೋಣೆ ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿದೆ. ಗ್ರೀಸಿನ ವಾಸನೆ, ಗೋಡೆಗೆ ನೇತುಹಾಕಿದ ಹಗ್ಗಗಳು, ಉದ್ದದ ಬೆಂಚು. ಎಂಟು ಹತ್ತು ಜನ ಊಟ ಮುಗಿಸಿ ಕೂತಿದ್ದರು. ಮನೆಯಿಂದ ಬಂದಿದ್ದೇನೆ, ಸೀಡಿ ಕೊಡಲು ಎಂದಷ್ಟೇ ಹೇಳಿದೆ. ಎಲ್ಲರೂ ಎದ್ದು ನಿಂತು ಎರಡೂ ಕೈ ಚಾಚಿ ತೆಗೆದುಕೊಂಡರು. ಅಲ್ಲಿಲ್ಲದವರ ಪಾಲಿನದನ್ನು ಬೆಂಚಿನ ಮೇಲಿಟ್ಟೆ. ಒಬ್ಬ ತಿರುಗಿಸಿ ಅದರ ಬೆಳ್ಳನೆಯ ಹಿಂಭಾಗದಲ್ಲಿ ತನ್ನ ಮುಖ ನೋಡಿಕೊಂಡು, ಅಚ್ಚಿನದು ಎಂದ.

ಅವರಲ್ಲಿ ಹಿರಿಯನಾದ ಮೇಸ್ತ್ರಿಗೆ ಎಲ್ಲರ ಮುಂದೆ ಈಗಲೇ ಕೇಳಬೇಕು ಎನಿಸಿತು. ಮೂಲೆಯ ಪ್ಲೇಯರಿಗೆ ಹಾಕಿದ. ಕೆಲಸವಿದೆ, ಹೊರಡುತ್ತೇನೆ ಎನ್ನಬಹುದಿತ್ತು. ಚಪ್ಪಲಿಯನ್ನೂ ಮೆಟ್ಟಿದ್ದೆ. ಬೆಂಚಿನ ತುದಿಯಲ್ಲಿ ಕೂತೆ. ಮೂರನೆಯ ಹಾಡಿಗೆ ಒಬ್ಬ ಕಣ್ಣೊರೆಸಿಕೊಂಡ. ಐದನೆಯದಕ್ಕೆ ಎಲ್ಲರೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಅದು ಅವರಿಗೆ ಮೊದಲೇ ಗೊತ್ತಿದ್ದ ಹಾಡು.

ಏಳನೆಯದು ಮುಗಿಯಿತು. ಕುರ್ಚಿ ಕಿರುಗುಟ್ಟಿತು. ಅವನು ಅಕ್ಕ ಎಂದ ಕೂಡಲೇ, ಆ ದನಿಯನ್ನು ಎರಡು ತಿಂಗಳಿಂದ ಕೇಳದವರು, ಅವನೇ ಒಳಗೆ ಬಂದನೋ ಎಂಬಂತೆ ಬಾಗಿಲ ಕಡೆ ನೋಡಿದರು. ಆಮೇಲೆ ಉಳಿದದ್ದನ್ನೂ ಕೇಳಿದರು, ಪೂರ್ತಿ.

ಮೇಸ್ತ್ರಿ ಪ್ಲೇಯರನ್ನು ನಿಲ್ಲಿಸಿದ. ಯಾರನ್ನೂ ನೋಡದೆ ಕೇಳಿದ: "ಯಾರಮ್ಮ ಅದು, ಆ ಹೆಂಗಸು?"

"ನಾನು" ಎಂದೆ.

ಮೇಸ್ತ್ರಿ ಎಂಟನೆಯ ಹಾಡು ಹಾಕಿದ. ಒಂಬತ್ತನೆಯದು ಮುಗಿಯುವವರೆಗೆ ಅಲ್ಲೇ ಕೂತಿದ್ದು, ಬಸ್ಸು ಹಿಡಿದು ಮನೆಗೆ ಬಂದೆ. ಇನ್ನು ನಾನೂರ ಎಂಬತ್ತು ಇವೆ.